ಎದುರು ಮನೆಯವರು ಹೆಪ್ಪು ಕೇಳಿದರು, ಇಲ್ಲ ಅಂದುಬಿಟ್ಟೆ

ಬಯಲುಸೀಮೆ ಹುಡುಗಿ

ಮೊನ್ನೆ ರಾತ್ರಿ ಎದುರು ಮನೆಯವರು ಸಣ್ಣ ಲೋಟ ಹಿಡಿದು ಬಂದು, "ಒಂದು ಚಮಚ ಹೆಪ್ಪು ಇದ್ದರೆ ಕೊಡ್ತೀರಾ?" ಅಂದರು. "ಅಯ್ಯೋ, ಮೊಸರು ಖಾಲಿ" ಅಂದೆ. ಫ್ರಿಜ್ಜಿನಲ್ಲಿ ಅರ್ಧ ಲೀಟರ್ ಡಬ್ಬಿ ತುಂಬ ಮೊಸರಿತ್ತು. ಯೋಚಿಸುವ ಮೊದಲೇ ಬಾಯಿಂದ ಬಂದುಬಿಟ್ಟ ಸುಳ್ಳು. ಬಾಗಿಲು ಹಾಕಿಕೊಂಡು ಬಹಳ ಹೊತ್ತು ಅಡುಗೆಮನೆಯಲ್ಲೇ ನಿಂತಿದ್ದೆ.

ನಾನು ಬೆಳೆದದ್ದು ಪಾವಗಡದ ಕಡೆಯ ಹಳ್ಳಿಯಲ್ಲಿ. ಎರಡೂವರೆ ಎಕರೆ ಕಡಲೆಕಾಯಿ ಹೊಲ, ಮಳೆ ಬಂದರೆ ಉಂಟು, ಬರದಿದ್ದರೆ ಬಿತ್ತಿದ ಬೀಜವೂ ಇಲ್ಲ. ಸಕ್ಕರೆ ಡಬ್ಬಿ ಕಬ್ಬಿಣದ ಪೆಟ್ಟಿಗೆಯಲ್ಲಿರುತ್ತಿತ್ತು, ಬೀಗದ ಕೈ ಅಮ್ಮನ ಸೆರಗಿನ ಗಂಟಿನಲ್ಲಿ. ಹೊಸ ಲಂಗ ಹಬ್ಬದ ದಿನ ಒಂದು ಸಲ ಮೈಮೇಲೆ, ಆಮೇಲೆ ಟ್ರಂಕಿಗೆ. ಮತ್ತೆ ತೆಗೆಯುವ ಹೊತ್ತಿಗೆ ನಾನು ಉದ್ದವಾಗಿರುತ್ತಿದ್ದೆ.

ಈಗ ಬೆಂಗಳೂರಿನಲ್ಲಿ ಲೆಕ್ಕಪತ್ರದ ಕೆಲಸ, ಗಂಡನಿಗೂ ಸಂಬಳ, ಮನೆ ಸಾಲ ಮುಗಿಯುತ್ತ ಬಂದಿದೆ. ಆದರೂ ಉಡುಗೊರೆ ಬಂದ ಹದಿನಾಲ್ಕು ಸೀರೆಗಳ ಮಡಿಕೆ ಬಿಚ್ಚಿಲ್ಲ. ಮಗಳು ಹೊಸ ಪೆನ್ಸಿಲ್ ಕೇಳಿದರೆ ಹಳೆಯದರ ತುಂಡು ತೋರಿಸು ಅನ್ನುತ್ತೇನೆ. ಇವೆಲ್ಲ ಹೋಗಲಿ. ಆಫೀಸಿಗೆ ಹೊಸದಾಗಿ ಬಂದ ಹುಡುಗಿ ಒಂದು ಲೆಕ್ಕದ ವಿಧಾನ ಕೇಳಿದಾಗ ಅರ್ಧ ಹೇಳಿ ಅರ್ಧ ಇಟ್ಟುಕೊಂಡೆ. ಪೂರ್ತಿ ಕಲಿತುಬಿಟ್ಟರೆ ನನ್ನ ಜಾಗ ಹೋದೀತು ಅನ್ನುವ ಭಯ. ಹೆಪ್ಪಿನ ಸುಳ್ಳು, ಇದು, ಎರಡೂ ಒಂದೇ ಬೇರಿನಿಂದ ಬಂದವು ಅಂತ ಮೊನ್ನೆ ರಾತ್ರಿ ಗೊತ್ತಾಯಿತು.

"ಸಮೃದ್ಧಿಯ ಮನಸ್ಸು ಬೆಳೆಸಿಕೊಳ್ಳಿ" ಅನ್ನುವ ವಿಡಿಯೊಗಳನ್ನು ನೋಡಿದ್ದೇನೆ. ಬೆಳಗ್ಗೆ ಎದ್ದು "ನನ್ನ ಹತ್ತಿರ ಬೇಕಾದಷ್ಟಿದೆ" ಅಂತ ಹೇಳಿಕೊಂಡೂ ಆಯಿತು. ಹೇಳಿದಾಗಲೆಲ್ಲ ಒಳಗಿನಿಂದ ಇನ್ನೊಂದು ದನಿ "ಎಷ್ಟು ದಿನ?" ಅಂತ ಕೇಳುತ್ತದೆ. ಇಲ್ಲದ ಕಾಲ ಮುಗಿದ ಮೇಲೂ ಇಲ್ಲದ ಕಾಲದ ಮನಸ್ಸು ಹೋಗದಿದ್ದರೆ ಏನು ಮಾಡಬೇಕು? ಇದನ್ನು ದಾಟಿದವರು ಯಾರಾದರೂ ಇದ್ದರೆ ಹೇಳಿ.

ಹೊಸಬ_22

ಅಕ್ಕ, ತಿಂಗಳ ಖರ್ಚಿನಲ್ಲಿ "ಕೊಡುವುದಕ್ಕೆ" ಅಂತಲೇ ಒಂದು ಮೊತ್ತ ಎತ್ತಿಡಿ. 500 ರೂಪಾಯಿ ಆದರೂ ಸಾಕು. ಕೊಡಬೇಕಾ ಬೇಡವಾ ಅನ್ನುವ ಜಗಳ ಪ್ರತಿ ಸಲ ಮನಸ್ಸಿನಲ್ಲಿ ನಡೆಯುವುದಿಲ್ಲ, ಅದು ಆಗಲೇ ಕೊಟ್ಟ ದುಡ್ಡು. ನನಗೆ ಇದರಿಂದ ಅನುಕೂಲ ಆಗಿದೆ.

ನಿವೃತ್ತ ಮೇಷ್ಟ್ರು

ತಾಯಿ, ಮೊದಲು ನಿಮ್ಮನ್ನು ನೀವು ಹಳಿದುಕೊಳ್ಳುವುದನ್ನು ಬಿಡಿ. ನಿಮ್ಮಮ್ಮನ ಬೀಗದ ಹಿಂದೆ ನಿಮ್ಮಮ್ಮ ಒಬ್ಬರೇ ಇಲ್ಲ. 1876ರಿಂದ 78ರವರೆಗಿನ ಬರದಲ್ಲಿ ಮೈಸೂರು ಸಂಸ್ಥಾನದಲ್ಲಿ ಎಷ್ಟು ಜನ ಸತ್ತರು ಗೊತ್ತೇ? 1871ರ ಗಣತಿಯಲ್ಲಿ 50 ಲಕ್ಷ ದಾಟಿದ್ದ ಜನಸಂಖ್ಯೆ 1881ರ ಗಣತಿಗೆ 42 ಲಕ್ಷದ ಆಸುಪಾಸಿಗೆ ಇಳಿದಿತ್ತು. ಅದು ನಮ್ಮ ಮುತ್ತಜ್ಜಿಯರ ಕಾಲ. ನನ್ನದೇ ಬಾಲ್ಯದಲ್ಲಿ, 1965ರ ಸುಮಾರಿನಲ್ಲಿ, ಪ್ರಧಾನಿ ಶಾಸ್ತ್ರಿಗಳು ವಾರಕ್ಕೊಂದು ಹೊತ್ತು ಊಟ ಬಿಡಿ ಅಂತ ದೇಶಕ್ಕೆ ಕರೆ ಕೊಟ್ಟಿದ್ದರು. ಅಮೆರಿಕದ ಕೆಂಪು ಜೋಳಕ್ಕೆ ಪಡಿತರದ ಸಾಲಿನಲ್ಲಿ ನಿಂತವನು ನಾನು. ಕಾಳು ಕಂಡರೆ ಎತ್ತಿಡುವ ಕೈ ಹಾಗೆ ಬಂದದ್ದು. ಅದು ನಮ್ಮನ್ನು ಬದುಕಿಸಿದ ಕೈ.

ಆದರೆ ಅದೇ ಜನ ಇನ್ನೊಂದನ್ನೂ ಉಳಿಸಿಕೊಂಡು ಬಂದಿದ್ದಾರೆ ನೋಡಿ. ಮನೆಯಲ್ಲಿ ಅಕ್ಕಿ ಮುಗಿದರೆ ನಮ್ಮಜ್ಜಿ "ಮುಗಿದಿದೆ" ಅನ್ನುತ್ತಿರಲಿಲ್ಲ, "ಅಕ್ಕಿ ಹೆಚ್ಚಾಗಿದೆ" ಅನ್ನುತ್ತಿದ್ದಳು. ಬಳೆ ಒಡೆದರೆ "ಬಳೆ ಹೆಚ್ಚಿತು." ಮನೆಯಿಂದ ಹೊರಡುವವರು "ಬರ್ತೀನಿ" ಅನ್ನಬೇಕು, "ಹೋಗ್ತೀನಿ" ಅನ್ನುವ ಹಾಗಿಲ್ಲ. ಕಣದಲ್ಲಿ ರಾಶಿ ಅಳೆಯುವಾಗ ಮೊದಲ ಕೊಳಗಕ್ಕೆ "ಒಂದು" ಅನ್ನದೆ "ಲಾಭ" ಅಂತ ಎಣಿಸುತ್ತಿದ್ದೆವು: ಲಾಭ, ಎರಡು, ಮೂರು. ಪಕ್ಕದ ಮನೆಯಿಂದ ಪಾತ್ರೆಯಲ್ಲಿ ಏನಾದರೂ ಬಂದರೆ ಆ ಪಾತ್ರೆ ಬರಿದಾಗಿ ವಾಪಸ್ ಹೋಗಬಾರದು, ಕೊನೆಗೆ ಒಂದು ಚಿಟಿಕೆ ಸಕ್ಕರೆಯಾದರೂ ಇರಬೇಕು. ಬರದ ಮೇಲೆ ಬರ ಕಂಡವರ ಬಾಯಲ್ಲಿ ಹುಟ್ಟಿದ ಮಾತುಗಳು ಇವು. ಹೊಟ್ಟೆ ತುಂಬಿದವರಿಗೆ ಇಂಥ ಮಾತಿನ ಅಗತ್ಯ ಬೀಳುವುದಿಲ್ಲ.

ಹೊಲಿಗೆ ಮಿಷನ್ನು

ನಾನು ಗಾರ್ಮೆಂಟ್ಸ್‌ಗೆ ಹೋಗೋಳು, ಪೀಣ್ಯ ಕಡೆ. ಇಲ್ಲಿ ಎಲ್ಲಾರೂ ಮನಸ್ಸು ಮನಸ್ಸು ಅಂತಿದೀರಿ. ನಮ್ ಲೈನಲ್ಲಿ ನಲವತ್ತು ಜನ ಹೆಂಗಸ್ರು. ತಿಂಗ್ಳ ಇಪ್ಪತ್ತನೇ ತಾರೀಖಿನ ಮೇಲೆ ಯಾರ ಹತ್ರಾನೂ ಕೈಯಲ್ಲಿ ಕಾಸಿರಲ್ಲ. ಅವ್ರಿಗೆ "ನಿಮ್ ಯೋಚ್ನೆ ಬದಲಾಯಿಸ್ಕೊಳಿ, ದುಡ್ಡು ತಾನಾಗೇ ಬರುತ್ತೆ" ಅಂತ ಹೇಳೋದು ದೊಡ್ ತಪ್ಪು. ಕೊರತೆ ಇರೋದು ತಲೇಲಲ್ಲ, ಡಬ್ಬೀಲಿ.

ನನ್ ವಿಷ್ಯ ಹೇಳ್ತೀನಿ. ಮೊದ್ಲು ಬಸ್ಸಿಗೇ ತಿಂಗ್ಳಿಗೆ ಸಾವಿರದ ಹತ್ತತ್ರ ಹೋಗೋದು. 2023ರ ಜೂನಲ್ಲಿ ಬಸ್ಸು ಫ್ರೀ ಆಯ್ತು, ಆಗಸ್ಟಿಂದ ಗೃಹಲಕ್ಷ್ಮಿ ಎರಡ್ ಸಾವ್ರ. ನೋಡೋರಿಗೆ ಎರಡ್ ಸಾವ್ರ ದೊಡ್ದಲ್ಲ. ಆದ್ರೆ ಅದು ಬಂದ್ಮೇಲೆ ನಾನು ಮೊದಲ್ನೇ ಸಲ ಮುಂದಿನ್ ವರ್ಷದ ಬಗ್ಗೆ ಯೋಚ್ನೆ ಮಾಡ್ದೆ. ಅಲ್ಲೀವರ್ಗೂ ಮುಂದಿನ್ ವಾರ ಬಿಟ್ಟು ಆಚೆಗೆ ತಲೆ ಹೋಗ್ತಾನೇ ಇರ್ಲಿಲ್ಲ. ಮಗನ್ನ ಐಟಿಐಗೆ ಸೇರ್ಸೋದು ಅಂತ ತೀರ್ಮಾನ ಮಾಡಿದ್ದು ಆಗ್ಲೇ. ಮನಸ್ಸು ಬದಲಾಗಿದ್ದು ನಿಜ, ಆದ್ರೆ ಕಾಲ ಕೆಳ್ಗೆ ನೆಲ ಸಿಕ್ಕಿದ್ ಮೇಲೆ.

ಪಾವಗಡದ ಅಕ್ಕಂಗೆ ನೆಲ ಸಿಕ್ಕಿದೆ. ಇನ್ನೂ ಕಾಲು ಊರೋಕೆ ಭಯ. ಅದು ಬೇರೆ ಕಷ್ಟ, ಸುಳ್ಳು ಅಂತಿಲ್ಲ. ಆದ್ರೆ ಎರಡನ್ನೂ ಒಂದೇ ಹೆಸ್ರಲ್ಲಿ ಕರೀಬೇಡಿ.

ಓದುವ ಹುಡುಗ

ಮೇಲಿನವರು ಹೇಳಿದ್ದಕ್ಕೆ ಒಂದು ಆಧಾರವಿದೆ. ತಮಿಳುನಾಡಿನ 464 ಕಬ್ಬು ಬೆಳೆಗಾರರ ಮೇಲೆ ನಡೆದ ಅಧ್ಯಯನ 2013ರಲ್ಲಿ ಪ್ರಕಟವಾಯಿತು. ಕಬ್ಬಿನ ದುಡ್ಡು ವರ್ಷಕ್ಕೊಮ್ಮೆ ಬರುವುದು. ಕಟಾವಿಗೆ ಮುಂಚೆ ಕೈ ಬರಿದು, ಸಾಲ, ಒತ್ತೆ. ಕಟಾವಾದ ಮೇಲೆ ಕೈಯಲ್ಲಿ ದುಡ್ಡು. ಸಂಶೋಧಕರು ಅದೇ ರೈತರಿಗೆ ಮುಂಚೆ ಒಮ್ಮೆ, ಆಮೇಲೆ ಒಮ್ಮೆ ಆಕಾರಗಳ ಒಗಟು ಬಿಡಿಸುವಂಥ ಪರೀಕ್ಷೆ ಕೊಟ್ಟರು. ಕೈ ಬರಿದಾಗಿದ್ದಾಗ ಅದೇ ಮನುಷ್ಯ ಕಡಿಮೆ ಅಂಕ ತೆಗೆದ. ಬುದ್ಧಿ ಕಡಿಮೆಯಾಗಿದ್ದಲ್ಲ, ತಲೆಯ ಬಹುಪಾಲು ಜಾಗವನ್ನು ಚಿಂತೆ ಹಿಡಿದುಕೊಂಡಿತ್ತು ಅಂತ ಅವರ ವಿವರಣೆ. ಆಮೇಲೆ ಅಮೆರಿಕದಲ್ಲಿ ಸಂಬಳಕ್ಕೆ ಮುಂಚೆ, ಸಂಬಳ ಬಂದ ಮೇಲೆ ಅಂತ ನಡೆಸಿದ ಪರೀಕ್ಷೆಯಲ್ಲಿ ಇಂಥ ವ್ಯತ್ಯಾಸ ಸಿಗಲಿಲ್ಲ. ಹಾಗಾಗಿ ಇದೇ ಕೊನೆಯ ಮಾತಲ್ಲ. ಆದರೆ ನಾಲ್ಕು ದಿನ ಕೈ ಬರಿದಾಗಿರುವುದು ಬೇರೆ, ವರ್ಷದ ಬೆಳೆಗೆ ಕಾಯುವುದು ಬೇರೆ ಅಂತ ರೈತರ ಮನೆಯಲ್ಲಿ ಹುಟ್ಟಿದ ನನಗೆ ಅನ್ನಿಸುತ್ತದೆ.

ಸೊಪ್ಪಿನಬೆಟ್ಟ

ನಮ್ಮದು ಉತ್ತರ ಕನ್ನಡ, ಘಟ್ಟದ ಮೇಲೆ. ಕೊರತೆಯ ಮನಸ್ಸು ಅಂದಾಗ ನನಗೆ ಥಟ್ಟನೆ ನೆನಪಾಗುವುದು ಉಪ್ಪಾಗೆ.

ಗೊತ್ತಿಲ್ಲದವರಿಗೆ: ಉಪ್ಪಾಗೆ ಅಂದರೆ ಮುರುಗಲಿನ ಜಾತಿಯ ಕಾಡುಮರ. ಮಳೆಗಾಲದಲ್ಲಿ ಹಣ್ಣಾಗುತ್ತದೆ. ಸಿಪ್ಪೆ ಒಣಗಿಸಿದರೆ ಹುಳಿ, ಬೀಜದಿಂದ ತುಪ್ಪ. ನಾನು ಸಣ್ಣವನಿದ್ದಾಗ ಇದಕ್ಕೆ ಹೇಳಿಕೊಳ್ಳುವಂಥ ಬೆಲೆ ಇರಲಿಲ್ಲ. ಹಣ್ಣಾಗಿ ಬಿದ್ದದ್ದನ್ನು ಹೆಂಗಸರು, ಮಕ್ಕಳು ಹೆಕ್ಕಿ ತರುತ್ತಿದ್ದೆವು. ಮಂಗ, ಕಾಡುಪ್ರಾಣಿಗಳು ತಿಂದದ್ದು ಅವುಗಳ ಪಾಲು, ಉಳಿದದ್ದು ಮಣ್ಣಿಗೆ. 1990ರ ದಶಕದಲ್ಲಿ ಹೊರದೇಶದಲ್ಲಿ ಇದರ ಹುಳಿಯಿಂದ ತೂಕ ಇಳಿಸುವ ಮಾತ್ರೆ ಮಾಡತೊಡಗಿದರು, ಬೆಲೆ ಏರಿತು. ಮರಗಳು ಅಷ್ಟೇ ಇದ್ದವು, ಹಣ್ಣೂ ಅಷ್ಟೇ ಬಿಡುತ್ತಿತ್ತು. ಬದಲಾದದ್ದು ಒಂದೇ, "ನಾನು ಬಿಟ್ಟರೆ ಇನ್ನೊಬ್ಬ ಒಯ್ಯುತ್ತಾನೆ" ಅನ್ನುವ ಯೋಚನೆ ಊರಿಗೆ ಬಂತು.

ಆ ಯೋಚನೆ ಬಂದ ವರ್ಷದಿಂದ ಹಣ್ಣಾಗುವ ತನಕ ಕಾಯುವವರಿಲ್ಲ. ಜೂನ್ ಮಳೆ ಹಿಡಿಯುವ ಮೊದಲೇ ಕಾಯಿಗೆ ಕೈ ಹಾಕಿದರು. ಎಳೆಕಾಯಿಯ ಸಿಪ್ಪೆ ತೂಕಕ್ಕೆ ಬರುವುದಿಲ್ಲ, ಗುಣವೂ ಕಡಿಮೆ, ಬೀಜ ಬಲಿತಿರುವುದಿಲ್ಲ. ಹಾಗಾಗಿ ತುಪ್ಪವೂ ಇಲ್ಲ, ಹೊಸ ಸಸಿಯೂ ಇಲ್ಲ. ಕೊಂಬೆ ಏರುವಷ್ಟು ತಾಳ್ಮೆ ಇಲ್ಲದವರು ಕೊಂಬೆಯನ್ನೇ ಕಡಿದರು. ಮಳೆಗಾಲದಲ್ಲಿ ಬಿಸಿಲಿಲ್ಲದೆ ಸಿಪ್ಪೆಯನ್ನು ಬೆಂಕಿ ಕಾಯಿಸಿ ಒಣಗಿಸಬೇಕು, ಅದಕ್ಕೆ ಗಾಡಿಗಟ್ಟಲೆ ಕಟ್ಟಿಗೆ, ಅದೂ ಅದೇ ಕಾಡಿನದು. ಎಲ್ಲರೂ ಓಡಿದೆವು, ಎಲ್ಲರಿಗೂ ಸಿಕ್ಕಿದ್ದು ಮೊದಲಿಗಿಂತ ಕಡಿಮೆ. ನಾನೂ ಓಡಿದ್ದೇನೆ. ಹದಿನೆಂಟರ ವಯಸ್ಸಿನಲ್ಲಿ ಬೆಳಗಿನ ಜಾವ ಟಾರ್ಚ್ ಹಿಡಿದು, ಪಕ್ಕದ ಮನೆಯವರಿಗಿಂತ ಮೊದಲು ಮರ ಮುಟ್ಟಬೇಕು ಅಂತ. ಆ ಮರದ ಅರ್ಧ ನೆತ್ತಿ ಇವತ್ತಿಗೂ ಬೋಳು.

ನಮ್ಮ ಕೇರಿಯ ಏಳು ಮನೆಯವರು ಇದನ್ನು ನಿಲ್ಲಿಸಿದ್ದು ಒಳ್ಳೆಯ ಮಾತಿನಿಂದಲ್ಲ. ಅಂಗಳದಲ್ಲಿ ಕೂತು ಜಗಳವಾಡಿ, ಕೊನೆಗೆ ಒಂದು ದಿನ ಗೊತ್ತು ಮಾಡಿಕೊಂಡೆವು. ಆ ದಿನಕ್ಕೆ ಮೊದಲು ಯಾರೂ ನಮ್ಮ ಬೆಟ್ಟಗಳ ಮರ ಮುಟ್ಟುವ ಹಾಗಿಲ್ಲ, ಕೊಂಬೆ ಕಡಿಯುವ ಹಾಗಿಲ್ಲ. ಮೊದಲ ವರ್ಷ ಎಲ್ಲರಿಗೂ ಎಲ್ಲರ ಮೇಲೆ ಗುಮಾನಿ. ರಾತ್ರಿ ನಾಯಿ ಬೊಗಳಿದರೆ ಎದ್ದು ಬೆಟ್ಟದ ಕಡೆ ನೋಡುತ್ತಿದ್ದೆ. ಗೊತ್ತು ಮಾಡಿದ ದಿನ ಹೋಗಿ ನೋಡಿದರೆ ಕಾಯಿ ಮರದಲ್ಲೇ ಇತ್ತು, ಹಳದಿಗೆ ತಿರುಗಿತ್ತು. ಮೂರನೇ ವರ್ಷದ ಹೊತ್ತಿಗೆ ಎದ್ದು ನೋಡುವುದು ಬಿಟ್ಟುಹೋಯಿತು. ಯಾವತ್ತು ಬಿಟ್ಟೆ ಅಂತ ನೆನಪಿಲ್ಲ.

ಅಕ್ಕ, ನಿಮ್ಮ ಒಳಗಿನ ದನಿ "ಎಷ್ಟು ದಿನ?" ಅಂತ ಕೇಳುತ್ತದೆ ಅಂದಿರಲ್ಲ, ಅದಕ್ಕೆ ಕನ್ನಡಿ ಮುಂದೆ ಉತ್ತರ ಸಿಗುವುದಿಲ್ಲ. ಪಕ್ಕದವರು ಮಾತು ಉಳಿಸಿಕೊಂಡದ್ದನ್ನು ಕಣ್ಣಾರೆ ಕಂಡ ಮೇಲೆ ಆ ದನಿ ಸಣ್ಣದಾಗುತ್ತದೆ. ಅದಕ್ಕೆ ಮೊದಲು ಪಕ್ಕದವರಿಗೆ ಒಂದು ಅವಕಾಶ ಕೊಡಬೇಕಾಗುತ್ತದೆ.

ಬಿಳಿಜೋಳ

ಭಾಳ ಚಲೋ ಬರದೀರಿ ಬೆಟ್ಟದಣ್ಣ. ನಮ್ಮದು ವಿಜಯಪುರ ಜಿಲ್ಲಾ. ನಮ್ಮ ಕಡೆ ಎಳ್ಳಮಾಸಿಗೆ ಚರಗ ಚೆಲ್ಲತಾರ. ಸಜ್ಜಿ ಕಡಬು, ಶೇಂಗಾ ಹೋಳಿಗಿ, ಪುಂಡಿಪಲ್ಯೆ, ಎಣ್ಣಿಗಾಯಿ ಎಲ್ಲಾ ಬುಟ್ಟಿ ತುಂಬಿಕೊಂಡು ಹೊಲಕ್ಕ ಹೋಗಿ, ಭೂಮ್ತಾಯಿಗೆ ಪೂಜಿ ಮಾಡಿ, ಹುಲ್ಲುಲ್ಲಿಗೋ ಅಂತ ಕೂಗಿಕೋತ ಹೊಲದ ತುಂಬ ಅನ್ನ ಚೆಲ್ಲೂದು. ಆಮ್ಯಾಲೆ ಹೊಲ ಇದ್ದವರು ಇಲ್ಲದವರು ಎಲ್ಲಾರೂ ಕೂಡಿ ಉಣ್ಣೂದು. ಹೊಲ ಇಲ್ಲದವರನ್ನ ಆವತ್ತು ಮನಿಯಾಗ ಬಿಟ್ಟು ಹೋದ್ರ ನಮ್ಮವ್ವ ಬೈತಿದ್ಲು.

1972ರ ಬರಗಾಲದ ಮಾತು ನಮ್ಮಪ್ಪ ಹೇಳ್ತಿದ್ದ. ಬಾವಿ ಬತ್ತಿ, ದನ ಮಾರಿ, ಮಂದಿ ಕಲ್ಲು ಒಡಿಯೂ ಕಾಮಗಾರಿಗೆ ಹೋಗಿದ್ರು. ಆ ವರ್ಷನೂ ನಮ್ಮಜ್ಜಿ ಚರಗ ಬಿಡಲಿಲ್ಲಂತ. ಬುಟ್ಟಿ ತುಂಬ ಅಲ್ಲ, ಒಂದು ಹಿಡಿ ಜ್ವಾಳದ ನುಚ್ಚು ಅಷ್ಟ. "ನಮಗ ಇಲ್ಲ, ಭೂಮಿಗೆ ಯಾಕ ಚೆಲ್ಲತಿ" ಅಂತ ನಮ್ಮಪ್ಪ ಅತ್ತನಂತ, ಆವಾಗ ಸಣ್ಣಾವ. ಅಜ್ಜಿ ಏನೂ ಹೇಳಲಿಲ್ಲಂತ, ಸುಮ್ಮನ ಚೆಲ್ಲಿದ್ಲು.

ಹಗೇವಿನ ಮಾತೂ ಹೇಳಬೇಕು. ನೆಲದಾಗ ಆಳಕ್ಕ ಅಗದು, ಒಳಗ ಹುಲ್ಲು ಹಾಸಿ ಜ್ವಾಳ ತುಂಬಿ, ಮ್ಯಾಲೆ ಕಲ್ಲು ಮುಚ್ಚಿ ಮಣ್ಣು ಮೆತ್ತತಿದ್ರು. ವರ್ಷಗಟ್ಟಲೆ ಕೆಡೂದಿಲ್ಲ. ತೆರದ ಕೂಡಲೇ ಇಳಿಯೂ ಹಂಗಿಲ್ಲ, ಒಳಗಿನ ಗಾಳಿ ಕೆಟ್ಟಿರತೈತಿ, ದೀಪ ಇಳಿಬಿಟ್ಟು ಆರತೈತೋ ಇಲ್ಲೋ ನೋಡಬೇಕು. ಆರಿದ್ರ ಇಳಿದಾವ ಸಾಯ್ತಾನ. ತುಂಬಿಡೂದು ತಪ್ಪಲ್ಲ ಅಕ್ಕಾರ, ನಮ್ಮ ಹಿರ್ಯಾರು ತುಂಬಿಟ್ಟಾರ. ಆದ್ರ ಬರ ಬಂದಾಗ ಹಗೇವು ತೆರದಾವನ ಹೆಸರು ಊರಾಗ ಉಳದೈತಿ. ತುಟ್ಟಿ ಆಗಲಿ ಅಂತ ಮುಚ್ಚಿಟ್ಟಾವನ ಹೆಸರೂ ಉಳದೈತಿ, ಬ್ಯಾರೆ ರೀತಿ.

ಕೊನೆಯ ಪಂಕ್ತಿ

ಎಲ್ಲರ ಮಾತು ಓದಿದೆ, ಕಣ್ಣು ತೇವವಾಯಿತು. ಆದರೂ ಒಂದು ಮಾತು ಹೇಳದೆ ಇರಲಾರೆ. ನಮ್ಮ ಮನೆಯ ಕೊಡುಗೈ ಊರಲ್ಲೆಲ್ಲ ಹೆಸರುವಾಸಿ. ಹೊತ್ತಲ್ಲದ ಹೊತ್ತಿನಲ್ಲಿ ಹತ್ತು ಜನ ಬಂದರೂ ಊಟ. ಬಡಿಸಿದ್ದು ಅಪ್ಪನ ಹೆಸರಿನಲ್ಲಿ, ಕೊನೆಗೆ ತಳ ಕೆರೆದು ತಿಂದದ್ದು ಅಮ್ಮ. ಅವಳಿಗೆ ರಕ್ತ ಕಡಿಮೆ ಅಂತ ಗೊತ್ತಾದದ್ದು ಐವತ್ತೆರಡರ ವಯಸ್ಸಿನಲ್ಲಿ, ತಲೆ ಸುತ್ತಿ ಬಿದ್ದಾಗ. 2019ರಿಂದ 21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 15ರಿಂದ 49ರ ವಯಸ್ಸಿನ ಹೆಂಗಸರಲ್ಲಿ ಹೆಚ್ಚೂಕಡಿಮೆ ಅರ್ಧದಷ್ಟು ಜನರಿಗೆ ರಕ್ತಹೀನತೆ. ಕೊಡುವುದು ದೊಡ್ಡದು ಅನ್ನುವಾಗ ಯಾರ ತಟ್ಟೆಯಿಂದ ಅಂತಲೂ ಕೇಳಿ.

ಮೂಲ ಪ್ರಶ್ನೆ ಕೇಳಿದವರಿಗೆ: ಹೆಪ್ಪು ಕೊಡಿ, ಖಂಡಿತ ಕೊಡಿ. ಅದಕ್ಕಿಂತ ಮೊದಲು ಆ ಹದಿನಾಲ್ಕು ಸೀರೆಯಲ್ಲಿ ಒಂದನ್ನು ನಾಳೆ ಬೆಳಗ್ಗೆ ಉಟ್ಟುಕೊಳ್ಳಿ. ಹಬ್ಬ ಬೇಕಾಗಿಲ್ಲ.

ನಿವೃತ್ತ ಮೇಷ್ಟ್ರು

ಕೊನೆಯ ಪಂಕ್ತಿಯವರು ಹೇಳಿದ್ದು ಸತ್ಯ, ನಾನು ಬರೆಯುವಾಗ ಅದು ಹೊಳೆಯಲಿಲ್ಲ. ನಮ್ಮಜ್ಜಿ ಎಲ್ಲರಿಗಿಂತ ಕೊನೆಗೇ ಉಣ್ಣುತ್ತಿದ್ದಳು.

ಹನ್ನೆರಡನೇ ಶತಮಾನದ ಕಲ್ಯಾಣದ ಆಯ್ದಕ್ಕಿ ಲಕ್ಕಮ್ಮನ ಕಥೆ ಎಲ್ಲರಿಗೂ ಗೊತ್ತಿದೆ. ಗಂಡ ಮಾರಯ್ಯ ಬಸವಣ್ಣನ ಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರುವವನು. ಒಂದು ದಿನ ರೂಢಿಗಿಂತ ಹೆಚ್ಚು ತಂದಾಗ ಆಕೆ ಒಲೆ ಹಚ್ಚಲಿಲ್ಲ, ಹೆಚ್ಚಿನದನ್ನು ಅಲ್ಲೇ ಸುರಿದು ಬಾ ಎಂದಳು. ಇಷ್ಟು ವರ್ಷ ಪಾಠ ಮಾಡುವಾಗ ಇದನ್ನು ಬಡತನದ ಕಥೆಯಾಗಿ, ತ್ಯಾಗದ ಕಥೆಯಾಗಿ ಹೇಳಿದ್ದೇನೆ. ಈಗ ಬೇರೆ ತರಹ ಕಾಣುತ್ತಿದೆ. ನಾಳೆಯೂ ಅಂಗಳದಲ್ಲಿ ಅಕ್ಕಿ ಇರುತ್ತದೆ ಅಂತ ಆಕೆಗೆ ಅನುಮಾನವೇ ಇರಲಿಲ್ಲ. ಮಾರಯ್ಯನಿಗೆ ಆವತ್ತೊಂದು ದಿನ ಅನುಮಾನ ಬಂತು, ಅಷ್ಟೇ. ಇನ್ನು ಎಷ್ಟು ಸಾಕು ಅಂತ ಆ ಮನೆಯಲ್ಲಿ ತೀರ್ಮಾನಿಸಿದವಳು ಹೆಂಡತಿ.

ಬಯಲುಸೀಮೆ ಹುಡುಗಿ

ಹದಿನೈದು ದಿನ ಆಯಿತು, ಬರೆಯಲು ಆಗಲಿಲ್ಲ. ಎಲ್ಲರದನ್ನೂ ಎರಡೆರಡು ಸಲ ಓದಿದ್ದೇನೆ. ಪೀಣ್ಯದ ತಂಗಿ, ಎರಡನ್ನೂ ಒಂದೇ ಹೆಸರಲ್ಲಿ ಕರೆಯಬೇಡಿ ಅಂದಿರಿ. ಸರಿ. ನನ್ನದು ಹಸಿವಲ್ಲ, ಹಸಿವಿನ ನೆನಪು.

ಹೆಪ್ಪು ತೆಗೆದುಕೊಂಡು ಎದುರು ಮನೆಗೆ ಹೋದೆ. ಅವತ್ತು ಸುಳ್ಳು ಹೇಳಿದ್ದು ಅಂತಲೂ ಹೇಳಿಬಿಟ್ಟೆ. ಅವರಿಗೆ ಏನು ಹೇಳಬೇಕೋ ತಿಳಿಯಲಿಲ್ಲ, "ಅಯ್ಯೋ ಬಿಡಿ" ಅಂದರು. ಇನ್ನೂ ಸ್ವಲ್ಪ ಮುಜುಗರ ಇದೆ ಇಬ್ಬರಿಗೂ. ಆಫೀಸಿನ ಹುಡುಗಿಗೆ ಉಳಿದರ್ಧ ಹೇಳಿಕೊಟ್ಟೆ. ಹೇಳುವಾಗ ಎದೆ ಹೊಡೆದುಕೊಳ್ಳುತ್ತಿತ್ತು, ಹೊರಗಿನವರಿಗೆ ನಗು ಬರಬಹುದು ಆದರೆ ನಿಜ. ಸೀರೆ ಒಂದನ್ನು ಉಟ್ಟಿದ್ದೇನೆ, ಹಸಿರು ಬಣ್ಣದ್ದು. ಮಡಿಕೆಯ ಗೆರೆಯಲ್ಲಿ ಎರಡು ಕಡೆ ನೂಲು ಸವೆದು ಬಿಟ್ಟಿತ್ತು, ಇಟ್ಟಲ್ಲೇ.

ಹೇಳಬೇಕೆಂದಿದ್ದು ಬೇರೆ. ಭಾನುವಾರ ಅಮ್ಮನಿಗೆ ಫೋನ್ ಮಾಡಿ, "ಸಕ್ಕರೆ ಡಬ್ಬಿಗೆ ಯಾಕಮ್ಮ ಬೀಗ ಹಾಕ್ತಿದ್ದೆ, ನಾವು ಮೂವರು ಮಕ್ಕಳು ಅಷ್ಟು ತಿಂತಿದ್ವಾ?" ಅಂತ ಕೇಳಿದೆ. ಇಷ್ಟು ವರ್ಷದಲ್ಲಿ ಕೇಳಿರಲಿಲ್ಲ. ಅಮ್ಮ ಅಂದಳು: "ನಿಮಗೆ ಬೆಲ್ಲ ಇತ್ತಲ್ಲ, ಅದಕ್ಕೆ ಬೀಗ ಇರಲಿಲ್ಲ. ಸಕ್ಕರೆ ಬಂದವರಿಗೆ. ಬಿಸಿಲಲ್ಲಿ ನಡೆದು ಬಂದವರ ಮುಂದೆ ಒಂದು ಲೋಟ ಕಾಫಿಗೆ ಸಕ್ಕರೆ ಇಲ್ಲ ಅನ್ನಬಾರದು ಅಂತ ಎತ್ತಿಡ್ತಿದ್ದೆ."

ಬೆಲ್ಲಕ್ಕೆ ಬೀಗ ಇರಲಿಲ್ಲ ಅನ್ನುವುದು ನನಗೆ ಮರೆತೇಹೋಗಿತ್ತು.

ಹೊಲಿಗೆ ಮಿಷನ್ನು

ಅಕ್ಕ, ಇದನ್ನ ಊಟದ್ ಹೊತ್ತಲ್ಲಿ ನಮ್ ಲೈನಿನವ್ರಿಗೆಲ್ಲ ಓದಿ ಹೇಳ್ದೆ. ಎಲ್ಲಾ ಅವರವ್ರ ಅಮ್ಮನ ಪೆಟ್ಗೆ ಕಥೆ ಶುರು ಮಾಡಿದ್ರು, ಬೆಲ್ ಹೊಡೆದಿದ್ದೂ ಕೇಳಿಸ್ಲಿಲ್ಲ.

ಸೊಪ್ಪಿನಬೆಟ್ಟ

ಈ ವರ್ಷ ನಮ್ಮಲ್ಲಿ ಮೊಗೆಸೌತೆ, ಹಸಿರು ಉದ್ದಬದನೆ, ಹಾಲುಬೆಂಡೆ ಬೀಜ ಚೆನ್ನಾಗಿ ಬಂದಿದೆ. ಮನೆಯಲ್ಲಿ ಬೂದಿ ಹಚ್ಚಿ ಒಣಗಿಸಿಟ್ಟಿದ್ದು. ಕುಂಡದಲ್ಲೂ ಬೆಂಡೆ ಆಗುತ್ತದೆ. ಬೇಕಾದವರು ಖಾಸಗಿ ಸಂದೇಶದಲ್ಲಿ ವಿಳಾಸ ಕಳಿಸಿ, ಅಂಚೆಗೆ ಹಾಕುತ್ತೇನೆ. ದುಡ್ಡು ಬೇಡ. ಮುಂದಿನ ವರ್ಷ ನಮ್ಮಲ್ಲಿ ಮಳೆ ಹೆಚ್ಚಾಗಿ ಕೊಳೆತುಹೋದರೆ ನಿಮ್ಮಿಂದ ಕೇಳಿ ತರಿಸಿಕೊಳ್ಳುತ್ತೇನೆ.

ಬಿಳಿಜೋಳ

ನನಗ ಹಾಲುಬೆಂಡಿ ಕಳಸ್ರಿ. ನಮ್ಮ ಕಡೆಯಿಂದ ಜವಾರಿ ಬಿಳಿಜ್ವಾಳ, ಮುಳಗಾಯಿ ಬೀಜ ಕಳಸತೇನಿ. ಖಾಲಿ ಲಕೋಟೆ ವಾಪಸ್ ಬರಬಾರದಲ್ಲ ಮೇಷ್ಟ್ರ.

ಬಯಲುಸೀಮೆ ಹುಡುಗಿ

ನನಗೆ ಎರಡು ಪೊಟ್ಟಣ ಬೆಂಡೆ. ಒಂದು ಎದುರು ಮನೆಗೆ.